‘ನಿಮಗೇನು ಸಂಬಂಧ?’ – ಆಫ್ರಿಕಾ ಉತ್ತರಿಸಿದ ಒಂದು ಪ್ರಶ್ನೆ

ಹಿಜ್‌ರಾದ ಚರಿತ್ರೆ ಕೇಳುತ್ತಾ ಬೆಳೆದ ನಮ್ಮ ಮನೆಗಳಲ್ಲಿ ಹಬಶಾ ಎಂಬ ಹೆಸರು ಅಪರಿಚಿತವಲ್ಲ. ಮಕ್ಕಾದಲ್ಲಿ ಬದುಕು ಅಸಾಧ್ಯವಾದಾಗ ಪ್ರವಾದಿ ಮುಹಮ್ಮದ್(ಸ)ರವರು ತಮ್ಮ ಅನುಯಾಯಿಗಳಿಗೆ ತೋರಿಸಿದ್ದು ಕೆಂಪು ಸಮುದ್ರದಾಚೆಯ ಆ ನಾಡಿನ ದಾರಿಯನ್ನು. ಕ್ರಿ.ಶ. 615ರ ಸುಮಾರಿಗೆ ಆಶ್ರಯ ಅರಸಿ ಅಲ್ಲಿಗೆ ಹೋದವರನ್ನು ಮರಳಿ ತರಲು ಕುರೈಶರು ಅಮ್ರ್ ಬಿನ್ ಆಸ್ ಮತ್ತು ಅಬ್ದುಲ್ಲಾ ಬಿನ್ ಅಬೀ ರಬೀಅ ಎಂಬ ಇಬ್ಬರು ದೂತರನ್ನು ಉಡುಗೊರೆಗಳೊಂದಿಗೆ ಕಳಿಸಿದರು. ಆಸ್ಥಾನದವರು ಉಡುಗೊರೆ ಪಡೆದುಕೊಂಡು, ಇವರನ್ನು ಒಪ್ಪಿಸಿಬಿಡುವುದೇ ಸರಿ ಎಂದು ದೊರೆಗೆ ಸಲಹೆಯನ್ನೂ ಕೊಟ್ಟರು. ಆದರೆ ನಜಾಶಿ ದೊರೆ ಇನ್ನೊಂದು ಕಡೆಯ ಮಾತು ಕೇಳದೆ ತೀರ್ಮಾನಿಸಲು ಒಪ್ಪಲಿಲ್ಲ. ಅವರು ಜಅಫರ್ ಬಿನ್ ಅಬೀ ತಾಲಿಬ್(ರ)ರವರನ್ನು ಕರೆಸಿದರು, ಅವರ ಮಾತು ಕೇಳಿದರು, ಕೊನೆಗೆ ಉಡುಗೊರೆಗಳನ್ನು ಹಿಂದಿರುಗಿಸಿದರು.

ಆ ನಿರಾಶ್ರಿತರಿಗೂ ದೊರೆಗೂ ರಕ್ತಸಂಬಂಧ ಇರಲಿಲ್ಲ, ಭಾಷೆ ಬೇರೆ, ಆಗ ಧರ್ಮವೂ ಬೇರೆ. ಹಾಗಿದ್ದೂ ದೂರದವರ ಅಹವಾಲು ತನ್ನ ಹೊಣೆ ಎಂದು ಅವರು ಭಾವಿಸಿದರು.

ನಮ್ಮ ಮಿಂಬರುಗಳಿಂದ ಕೇಳಿಬರುವ ಆಫ್ರಿಕಾದ ಕಥೆ ಹೆಚ್ಚಾಗಿ ನಜಾಶಿ ಮತ್ತು ಹಝ್ರತ್ ಬಿಲಾಲ್(ರ) ಇವರಿಬ್ಬರೊಂದಿಗೆ ಮುಗಿಯುತ್ತದೆ. ಪತ್ರಿಕೆಗಳಲ್ಲಿ ಬರುವ ಆಫ್ರಿಕಾ ಎಂದರೆ ಬರಗಾಲ, ಕ್ಷಿಪ್ರಕ್ರಾಂತಿ, ಸಾಂಕ್ರಾಮಿಕ ರೋಗ. ಇವೆರಡರ ನಡುವೆ ನಾವು ಗಮನಿಸದೆ ಬಿಟ್ಟ ಒಂದು ದೊಡ್ಡ ಅಧ್ಯಾಯವಿದೆ. ಕಳೆದ ಅರವತ್ತು ವರ್ಷಗಳಲ್ಲಿ ಆಫ್ರಿಕಾದ ದೇಶಗಳು ತಮ್ಮ ಗಡಿಯಾಚೆಯ ಜನರ ಮೇಲಿನ ದೌರ್ಜನ್ಯವನ್ನು ಪ್ರಶ್ನಿಸಿ ಮತ್ತೆ ಮತ್ತೆ ಜಗತ್ತಿನ ಅತ್ಯುನ್ನತ ನ್ಯಾಯಾಲಯದ ಮೆಟ್ಟಿಲೇರಿವೆ. ಮೊದಲ ಸಲ ಹೋದಾಗ ಅವು ಕೇಳಿಸಿಕೊಂಡ ಉತ್ತರ, “ಇದರಲ್ಲಿ ನಿಮಗೇನು ಸಂಬಂಧ?” ಎಂಬರ್ಥದ್ದು. ಇಂದು ರೊಹಿಂಗ್ಯಾ ಮುಸ್ಲಿಮರ ಪರವಾಗಿ ಮತ್ತು ಗಾಝಾದ ಜನರ ಪರವಾಗಿ ನಡೆಯುತ್ತಿರುವ ಮೊಕದ್ದಮೆಗಳು ಸಾಧ್ಯವಾದದ್ದು ಆ ಪ್ರಶ್ನೆಗೆ ಆಫ್ರಿಕಾ ಸುಮ್ಮನಾಗದೆ ಉತ್ತರ ಹುಡುಕಿದ್ದರಿಂದ.

ಜಿನೀವಾದಲ್ಲಿ ಕೇಳದ ಅಹವಾಲು

ಕಥೆ ಮತ್ತೆ ಹಬಶಾದಿಂದಲೇ, ಅಂದರೆ ಇಥಿಯೋಪಿಯಾದಿಂದಲೇ ಆರಂಭವಾಗುತ್ತದೆ. ಮೊದಲ ಮಹಾಯುದ್ಧದ ನಂತರ ಹುಟ್ಟಿದ ರಾಷ್ಟ್ರಸಂಘದಲ್ಲಿ ಕಪ್ಪು ಜನರೇ ಆಳುತ್ತಿದ್ದ ದೇಶಗಳು ಬೆರಳೆಣಿಕೆಯಷ್ಟು. ಆಫ್ರಿಕಾದಿಂದ ಲೈಬೀರಿಯಾ ಆರಂಭದಿಂದಲೇ ಸದಸ್ಯ ರಾಷ್ಟ್ರವಾಗಿತ್ತು. ಇಥಿಯೋಪಿಯಾ 1923ರಲ್ಲಿ ಸೇರಿತು. ಯಾವುದೇ ಸದಸ್ಯ ರಾಷ್ಟ್ರದ ಮೇಲೆ ದಾಳಿಯಾದರೆ ಉಳಿದವರೆಲ್ಲ ನೆರವಿಗೆ ಬರಬೇಕೆಂಬುದು ಆ ಸಂಘದ ಮೂಲ ಕರಾರು.

1935ರ ಅಕ್ಟೋಬರ್‌ನಲ್ಲಿ ಮುಸೊಲಿನಿಯ ಇಟಲಿ ಇಥಿಯೋಪಿಯಾದ ಮೇಲೆ ದಾಳಿ ಮಾಡಿತು. ವಿಷಾನಿಲವನ್ನೂ ಬಳಸಿತು. ರಾಷ್ಟ್ರಸಂಘ ಇಟಲಿಯ ಮೇಲೆ ಆರ್ಥಿಕ ನಿರ್ಬಂಧ ಹೇರಿತಾದರೂ ಯುದ್ಧಕ್ಕೆ ಅತ್ಯಗತ್ಯವಾಗಿದ್ದ ತೈಲವನ್ನು ಆ ಪಟ್ಟಿಯಿಂದ ಹೊರಗಿಟ್ಟಿತು. ಇಟಲಿಯ ಸೈನಿಕರನ್ನು ಹೊತ್ತ ಹಡಗುಗಳಿಗೆ ಸೂಯೆಜ್ ಕಾಲುವೆ ತೆರೆದೇ ಇತ್ತು. 1936ರ ಜೂನ್ 30ರಂದು ದೇಶಭ್ರಷ್ಟ ಚಕ್ರವರ್ತಿ ಹೈಲೆ ಸೆಲಾಸಿ ಜಿನೀವಾದ ಸಭೆಯಲ್ಲಿ ತಮ್ಮ ಅಮ್ಹಾರಿಕ್ ಭಾಷೆಯಲ್ಲಿ ಮಾತಾಡಲು ನಿಂತಾಗ ಗ್ಯಾಲರಿಯಲ್ಲಿದ್ದ ಇಟಲಿಯ ಪತ್ರಕರ್ತರು ಸಿಳ್ಳೆ ಹಾಕಿ ಗದ್ದಲ ಎಬ್ಬಿಸಿದರು. ಇದು ತನ್ನೊಂದು ದೇಶದ ಪ್ರಶ್ನೆಯಲ್ಲ, ಸಣ್ಣ ರಾಷ್ಟ್ರಗಳೆಲ್ಲದರ ಭದ್ರತೆಯ ಪ್ರಶ್ನೆ ಎಂದು ಅವರು ವಾದಿಸಿದರು. ಕೆಲವೇ ದಿನಗಳಲ್ಲಿ ಆ ಅರೆಮನಸ್ಸಿನ ನಿರ್ಬಂಧಗಳೂ ರದ್ದಾದವು.

ಹೀಗೆ ಜಗತ್ತು ಕೈಬಿಟ್ಟ ದೇಶವೇ ಇಪ್ಪತ್ನಾಲ್ಕು ವರ್ಷಗಳ ನಂತರ ಇನ್ನೊಂದು ನಾಡಿನ ಜನರ ಅಹವಾಲನ್ನು ಹೊತ್ತು ನ್ಯಾಯಾಲಯಕ್ಕೆ ಹೋಯಿತು.

ದ್ರೋಹಕ್ಕೊಳಗಾದ ಅಮಾನತ್ತು

ಆ ನಾಡು ನೈರುತ್ಯ ಆಫ್ರಿಕಾ, ಅಂದರೆ ಇಂದಿನ ನಮೀಬಿಯಾ. 1884ರಿಂದ ಅದು ಜರ್ಮನಿಯ ವಸಾಹತು. 1904ರಿಂದ 1908ರವರೆಗೆ ಅಲ್ಲಿನ ಹೆರೆರೊ ಮತ್ತು ನಾಮಾ ಜನಾಂಗಗಳನ್ನು ಜರ್ಮನ್ ಸೇನೆ ಮರುಭೂಮಿಗೆ ಅಟ್ಟಿ, ನೀರಿನ ಒರತೆಗಳಿಂದ ದೂರವಿಟ್ಟು, ಬದುಕುಳಿದವರನ್ನು ಶಿಬಿರಗಳಲ್ಲಿ ಕೂಡಿಹಾಕಿ ಕೊಂದಿತು. ಹೆರೆರೊ ಜನರಲ್ಲಿ ಬಹುಪಾಲು ಮತ್ತು ನಾಮಾ ಜನರಲ್ಲಿ ಅರ್ಧದಷ್ಟು ಮಂದಿ ಸತ್ತರೆಂದು ಇತಿಹಾಸಕಾರರು ಅಂದಾಜಿಸುತ್ತಾರೆ. ಇಪ್ಪತ್ತನೆಯ ಶತಮಾನದ ಮೊದಲ ನರಮೇಧವೆಂದು ಇದನ್ನು ಕರೆಯಲಾಗುತ್ತದೆ.

ಮೊದಲ ಮಹಾಯುದ್ಧದಲ್ಲಿ ಜರ್ಮನಿ ಸೋತ ಮೇಲೆ ರಾಷ್ಟ್ರಸಂಘ ಈ ಪ್ರದೇಶವನ್ನು ದಕ್ಷಿಣ ಆಫ್ರಿಕಾದ ಆಡಳಿತಕ್ಕೆ ಒಪ್ಪಿಸಿತು. ಒಡೆತನ ಕೊಡಲಿಲ್ಲ ಎಂಬುದು ಇಲ್ಲಿ ಮುಖ್ಯ. ಅಲ್ಲಿನ ಜನರ ಹಿತ ಕಾಯುವ ಪವಿತ್ರ ಹೊಣೆಯೆಂದು ವಿಧಿಸಿ ಕೊಟ್ಟದ್ದು ಅದು. ನಮ್ಮ ಮಾತಿನಲ್ಲಿ ಹೇಳುವುದಾದರೆ ಅಮಾನತ್ತು. ದಕ್ಷಿಣ ಆಫ್ರಿಕಾ ಅದನ್ನು ಸ್ವಂತ ಸೊತ್ತಿನಂತೆ ನಡೆಸಿಕೊಂಡಿತು. ಎರಡನೆಯ ಮಹಾಯುದ್ಧದ ನಂತರ ಅದನ್ನು ವಿಶ್ವಸಂಸ್ಥೆಯ ಮೇಲ್ವಿಚಾರಣೆಗೆ ಒಪ್ಪಿಸಲು ನಿರಾಕರಿಸಿತು. 1948ರಿಂದ ತನ್ನಲ್ಲಿ ಬಿಗಿಗೊಳಿಸಿದ ವರ್ಣಭೇದ ನೀತಿಯನ್ನು ಅಲ್ಲಿಗೂ ವಿಸ್ತರಿಸಿತು. ಫಲವತ್ತಾದ ಜಮೀನು ಬಿಳಿಯರಿಗೆ, ಬಂಜರು ಮೀಸಲು ಪ್ರದೇಶ ಕರಿಯರಿಗೆ. ಹೊರಗೆ ಓಡಾಡಲು ಪಾಸ್ ಬೇಕು.

ಹೆರೆರೊ ಮುಖಂಡ ಹೊಸೆಯಾ ಕುಟಾಕೊ ವಿಶ್ವಸಂಸ್ಥೆಗೆ ಮನವಿಯ ಮೇಲೆ ಮನವಿ ಕಳಿಸಿದರು. ಅವರಿಗೆ ದೇಶ ಬಿಟ್ಟು ಹೊರಡಲು ಅನುಮತಿ ಇರಲಿಲ್ಲ. ಹಾಗಾಗಿ ಮೈಕೆಲ್ ಸ್ಕಾಟ್ ಎಂಬ ಆಂಗ್ಲಿಕನ್ ಪಾದ್ರಿ 1949ರಲ್ಲಿ ವಿಶ್ವಸಂಸ್ಥೆಯ ಸಮಿತಿಯ ಮುಂದೆ ಅವರ ದನಿಯಾಗಿ ನಿಂತರು. 1959ರ ಡಿಸೆಂಬರ್ 10ರಂದು ವಿಂಡ್‌ಹುಕ್ ನಗರದಲ್ಲಿ ತಮ್ಮ ಹಳೆಯ ಕೇರಿಯಿಂದ ಎಬ್ಬಿಸುವುದನ್ನು ವಿರೋಧಿಸಿದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. 11 ಮಂದಿ ಸತ್ತರು.

ಮರುವರ್ಷ, ಅಂದರೆ 1960ರಲ್ಲಿ, ಆಫ್ರಿಕಾದ ಹದಿನೇಳು ದೇಶಗಳು ಸ್ವತಂತ್ರಗೊಂಡವು. ಆ ಜೂನ್‌ನಲ್ಲಿ ಸ್ವತಂತ್ರ ಆಫ್ರಿಕನ್ ರಾಷ್ಟ್ರಗಳು ಅಡಿಸ್ ಅಬಾಬಾದಲ್ಲಿ ಸೇರಿ ದಕ್ಷಿಣ ಆಫ್ರಿಕಾವನ್ನು ಹೇಗ್‌ನಲ್ಲಿರುವ ಅಂತಾರಾಷ್ಟ್ರೀಯ ನ್ಯಾಯಾಲಯಕ್ಕೆ ಎಳೆಯುವ ತೀರ್ಮಾನವನ್ನು ಬೆಂಬಲಿಸಿದವು. ದೂರು ಕೊಡಲು ಆಯ್ಕೆಯಾದವು ಇಥಿಯೋಪಿಯಾ ಮತ್ತು ಲೈಬೀರಿಯಾ. ಕಾರಣ ಸರಳ: ಹಳೆಯ ರಾಷ್ಟ್ರಸಂಘದ ಸದಸ್ಯರಾಗಿದ್ದ ಅವರು ಆ ಅಮಾನತ್ತಿನ ಕರಾರಿನಲ್ಲಿ ತಾವೂ ಪಾಲುದಾರರೆಂದು ಹೇಳಬಹುದಿತ್ತು. 1960ರ ನವೆಂಬರ್ 4ರಂದು ದಾವೆ ದಾಖಲಾಯಿತು.

ಒಂದು ಮತದ ಅಂತರ

ವಿಚಾರಣೆ ಸುಮಾರು ಆರು ವರ್ಷ ಎಳೆಯಿತು. 1962ರಲ್ಲಿ ನ್ಯಾಯಾಲಯ 8–7 ಮತಗಳಿಂದ, ಈ ದಾವೆಯನ್ನು ವಿಚಾರಿಸುವ ಅಧಿಕಾರ ತನಗಿದೆ ಎಂದಿತು. ಆಫ್ರಿಕಾದಲ್ಲಿ ಭರವಸೆ ಮೂಡಿತು. ಆದರೆ ಅಂತಿಮ ಹಂತಕ್ಕೆ ಬರುವ ಹೊತ್ತಿಗೆ ಪೀಠ ಬದಲಾಗಿತ್ತು. ಈಜಿಪ್ಟಿನ ನ್ಯಾಯಾಧೀಶರು 1965ರಲ್ಲಿ ತೀರಿಕೊಂಡಿದ್ದರು, ಇನ್ನೊಬ್ಬರು ಅಸ್ವಸ್ಥರಾಗಿದ್ದರು, ಪಾಕಿಸ್ತಾನದ ನ್ಯಾಯಾಧೀಶರು ಈ ಮೊಕದ್ದಮೆಯಲ್ಲಿ ಭಾಗವಹಿಸಲಿಲ್ಲ.

1966ರ ಜುಲೈ 18ರಂದು ತೀರ್ಪು ಬಂತು. ನ್ಯಾಯಾಧೀಶರು ಏಳಕ್ಕೆ ಏಳು ಎಂದು ಸಮನಾಗಿ ಹಂಚಿಹೋಗಿದ್ದರು. ಅಧ್ಯಕ್ಷರಾಗಿದ್ದ ಆಸ್ಟ್ರೇಲಿಯಾದ ಪರ್ಸಿ ಸ್ಪೆಂಡರ್ ತಮ್ಮ ನಿರ್ಣಾಯಕ ಮತವನ್ನು ದಕ್ಷಿಣ ಆಫ್ರಿಕಾದ ಕಡೆಗೆ ಹಾಕಿದರು. ತೀರ್ಪು ವರ್ಣಭೇದ ನೀತಿ ಸರಿಯೋ ತಪ್ಪೋ ಎಂಬುದರ ಗೊಡವೆಗೇ ಹೋಗಲಿಲ್ಲ. ನೈರುತ್ಯ ಆಫ್ರಿಕಾದ ಜನರನ್ನು ಹೇಗೆ ನಡೆಸಿಕೊಳ್ಳಲಾಗುತ್ತಿದೆ ಎಂಬ ವಿಷಯದಲ್ಲಿ ಇಥಿಯೋಪಿಯಾ ಮತ್ತು ಲೈಬೀರಿಯಾಗಳಿಗೆ ಕಾನೂನುಬದ್ಧ ಹಿತಾಸಕ್ತಿ ಇಲ್ಲ, ಆದ್ದರಿಂದ ಅವರ ಬೇಡಿಕೆಗಳನ್ನು ತಿರಸ್ಕರಿಸಲಾಗಿದೆ ಎಂದಷ್ಟೇ ಹೇಳಿತು. ಪೆಟ್ಟು ತಿಂದವರು ನೀವಲ್ಲ, ನಿಮ್ಮ ಜಮೀನು ಹೋಗಿಲ್ಲ, ನಿಮ್ಮ ಪ್ರಜೆಗಳು ಸತ್ತಿಲ್ಲ, ಹಾಗಾಗಿ ನೀವು ಕೇಳುವಂತಿಲ್ಲ ಎಂಬುದು ಇದರ ಸಾರ. ಪೆಟ್ಟು ತಿಂದವರಿಗೋ ಸ್ವಂತ ರಾಷ್ಟ್ರವೇ ಇರಲಿಲ್ಲ. ರಾಷ್ಟ್ರಗಳು ಮಾತ್ರ ದಾವೆ ಹೂಡಬಹುದಾದ ಆ ನ್ಯಾಯಾಲಯಕ್ಕೆ ಅವರು ತಾವಾಗಿ ಹೋಗುವಂತೆಯೂ ಇರಲಿಲ್ಲ. ಹಾಗಾದರೆ ಕೇಳಬೇಕಾದವರು ಯಾರು?

ಅಮೆರಿಕದ ಫಿಲಿಪ್ ಜೆಸಪ್ ಮತ್ತು ಜಪಾನಿನ ಕೊಟಾರೊ ತನಾಕಾ ಸೇರಿದಂತೆ ಏಳು ನ್ಯಾಯಾಧೀಶರು ಈ ತೀರ್ಪನ್ನು ಒಪ್ಪಲಿಲ್ಲ. ಜನಾಂಗದ ಆಧಾರದಲ್ಲಿ ಭೇದ ಮಾಡಬಾರದೆಂಬುದು ಎಲ್ಲ ರಾಷ್ಟ್ರಗಳನ್ನೂ ಕಟ್ಟಿಹಾಕುವ ನಿಯಮವೆಂದು ತನಾಕಾ ಬರೆದ ಭಿನ್ನಮತವನ್ನು ಕಾನೂನು ವಿದ್ಯಾರ್ಥಿಗಳು ಇಂದಿಗೂ ಓದುತ್ತಾರೆ.

ಸೋಲಿನ ನಂತರ

ಹೊಸದಾಗಿ ಸ್ವತಂತ್ರವಾದ ದೇಶಗಳು ಈ ಸೋಲಿನಿಂದ ರೋಸಿಹೋಗಿ, ಈ ನ್ಯಾಯಾಲಯ ಬಿಳಿಯರದ್ದು ಎಂದು ಬಾಗಿಲು ಹಾಕಿಕೊಂಡು ಕೂರಬಹುದಿತ್ತು. ಕೋಪವೇನೋ ಇತ್ತು, ಅದು ನ್ಯಾಯವೂ ಆಗಿತ್ತು. ಆದರೆ ಅವು ಬೇರೆ ಬಾಗಿಲುಗಳನ್ನು ತಟ್ಟಿದವು. 1963ರ ಮೇ 25ರಂದು 32 ದೇಶಗಳು ಸೇರಿ ಕಟ್ಟಿದ್ದ ಆಫ್ರಿಕನ್ ಏಕತಾ ಸಂಘಟನೆ ಈಗ ಅವುಗಳ ಬೆನ್ನಿಗಿತ್ತು. ವಿಶ್ವಸಂಸ್ಥೆಯ ಮಹಾಸಭೆಯಲ್ಲಿ ದೊಡ್ಡ ದೇಶಕ್ಕೂ ಒಂದೇ ಮತ, ಸಣ್ಣ ದೇಶಕ್ಕೂ ಒಂದೇ ಮತ. ತೀರ್ಪು ಬಂದು ಮೂರೂ ಕಾಲು ತಿಂಗಳಲ್ಲಿ, 1966ರ ಅಕ್ಟೋಬರ್ 27ರಂದು, ದಕ್ಷಿಣ ಆಫ್ರಿಕಾಕ್ಕೆ ಕೊಟ್ಟಿದ್ದ ಅಮಾನತ್ತನ್ನು ಮಹಾಸಭೆ ರದ್ದು ಮಾಡಿತು. ಪರವಾಗಿ 114 ಮತ, ವಿರುದ್ಧ ಎರಡೇ – ದಕ್ಷಿಣ ಆಫ್ರಿಕಾ ಮತ್ತು ಪೋರ್ಚುಗಲ್. 1968ರಲ್ಲಿ ಆ ನಾಡಿಗೆ ನಮೀಬಿಯಾ ಎಂಬ ಹೆಸರನ್ನು ಮಹಾಸಭೆ ಅಂಗೀಕರಿಸಿತು.

ನ್ಯಾಯಾಲಯದ ಪೀಠದಲ್ಲೂ ಬದಲಾವಣೆ ಬಂತು. ನಂತರದ ಚುನಾವಣೆಯಲ್ಲಿ ನೈಜೀರಿಯಾದ ಚಾರ್ಲ್ಸ್ ಒನ್ಯಾಮಾ ನ್ಯಾಯಾಧೀಶರಾಗಿ ಆಯ್ಕೆಯಾದರು. 1970ರ ಫೆಬ್ರವರಿಯಲ್ಲಿ, ಸ್ಪೇನಿನಲ್ಲಿ ವ್ಯವಹಾರ ನಡೆಸುತ್ತಿದ್ದ ಒಂದು ವಿದ್ಯುತ್ ಕಂಪೆನಿಯ ಶೇರುದಾರರ ಕುರಿತ ಮೊಕದ್ದಮೆಯೊಂದರಲ್ಲಿ, ಆಫ್ರಿಕಾದ ವಿಷಯವೇ ಅಲ್ಲದ ಕಡೆ, ನ್ಯಾಯಾಲಯ ಒಂದು ಮಹತ್ವದ ಮಾತು ಬರೆಯಿತು. ಕೆಲವು ಕರ್ತವ್ಯಗಳು ಒಂದು ದೇಶ ಇನ್ನೊಂದು ದೇಶಕ್ಕೆ ಮಾತ್ರ ಸಲ್ಲಿಸಬೇಕಾದವಲ್ಲ, ಇಡೀ ಜಗತ್ತಿಗೆ ಸಲ್ಲಿಸಬೇಕಾದವು. ನರಮೇಧ, ಗುಲಾಮಗಿರಿ, ಜನಾಂಗೀಯ ತಾರತಮ್ಯಗಳನ್ನು ಮಾಡದಿರುವುದು ಅಂಥ ಕರ್ತವ್ಯ. ಅವುಗಳ ರಕ್ಷಣೆಯಲ್ಲಿ ಎಲ್ಲ ರಾಷ್ಟ್ರಗಳಿಗೂ ಹಿತಾಸಕ್ತಿ ಇದೆ ಎಂಬುದು ಆ ಮಾತಿನ ತಾತ್ಪರ್ಯ. 1966ರ ತಪ್ಪನ್ನು ನ್ಯಾಯಾಲಯ ಹೀಗೆ ತಾನೇ ತಿದ್ದಿಕೊಂಡಿತೆಂದು ಬಹಳಷ್ಟು ವಿದ್ವಾಂಸರು ಅಭಿಪ್ರಾಯಪಡುತ್ತಾರೆ. ಮರುವರ್ಷ, 1971ರ ಜೂನ್ 21ರಂದು, ನಮೀಬಿಯಾದಲ್ಲಿ ದಕ್ಷಿಣ ಆಫ್ರಿಕಾದ ಉಪಸ್ಥಿತಿಯೇ ಕಾನೂನುಬಾಹಿರ ಎಂದು ಅದೇ ನ್ಯಾಯಾಲಯ 13–2 ಮತಗಳಿಂದ ಸಲಹಾ ಅಭಿಪ್ರಾಯ ನೀಡಿತು.

1974ರಲ್ಲಿ ದಕ್ಷಿಣ ಆಫ್ರಿಕಾವನ್ನು ವಿಶ್ವಸಂಸ್ಥೆಯಿಂದ ಹೊರಹಾಕುವ ಪ್ರಸ್ತಾಪ ಭದ್ರತಾ ಮಂಡಳಿಯ ಮುಂದೆ ಬಂದಾಗ ಅಮೆರಿಕ, ಬ್ರಿಟನ್ ಮತ್ತು ಫ್ರಾನ್ಸ್ ಮೂವರೂ ಒಟ್ಟಿಗೆ ವೀಟೊ ಹಾಕಿದರು. ಆಗ ಮಹಾಸಭೆಯ ಅಧ್ಯಕ್ಷತೆ ವಹಿಸಿದ್ದವರು ಅಲ್ಜೀರಿಯಾದ ವಿದೇಶಾಂಗ ಸಚಿವ ಅಬ್ದುಲ್ ಅಝೀಝ್ ಬೂತೆಫ್ಲಿಕಾ. ದಕ್ಷಿಣ ಆಫ್ರಿಕಾದ ನಿಯೋಗದ ಅಧಿಕಾರಪತ್ರಗಳು ತಿರಸ್ಕೃತವಾಗಿರುವುದರಿಂದ ಆ ನಿಯೋಗ ಸಭೆಯಲ್ಲಿ ಭಾಗವಹಿಸುವಂತಿಲ್ಲ ಎಂದು ಅವರು ರೂಲಿಂಗ್ ಕೊಟ್ಟರು, ಸಭೆ ಅದನ್ನು ಎತ್ತಿಹಿಡಿಯಿತು. ಮುಂದೆ ಸುಮಾರು ಇಪ್ಪತ್ತು ವರ್ಷ, ವರ್ಣಭೇದದ ಆಡಳಿತ ಕೊನೆಯಾಗುವವರೆಗೆ, ಆ ಕುರ್ಚಿಗಳು ಖಾಲಿಯಾಗಿಯೇ ಉಳಿದವು.

ನಮೀಬಿಯಾ ಸ್ವತಂತ್ರವಾದದ್ದು 1990ರ ಮಾರ್ಚ್ 21ರಂದು. ಅದು ಕಾಗದದ ತೀರ್ಪುಗಳಿಂದ ಮಾತ್ರ ಬಂದದ್ದಲ್ಲ. ಅಲ್ಲಿನ ಜನ 1966ರಿಂದ ಶಸ್ತ್ರ ಹಿಡಿದು ಹೋರಾಡಿದ್ದರು. ಅವರಿಗೆ ಆಶ್ರಯ ಕೊಟ್ಟದ್ದಕ್ಕೆ ಅಂಗೋಲ, ಝಾಂಬಿಯಾದಂಥ ಬಡ ನೆರೆಹೊರೆಯ ದೇಶಗಳು ದಕ್ಷಿಣ ಆಫ್ರಿಕಾದ ದಾಳಿಗಳನ್ನು ಸಹಿಸಿದ್ದವು. ಆದರೆ ಆ ಹೋರಾಟಕ್ಕೆ ನ್ಯಾಯದ ಬಲವಿದೆ, ಅಲ್ಲಿ ಕೂತಿರುವ ಸರಕಾರ ಅತಿಕ್ರಮಣಕಾರ ಎಂದು ಜಗತ್ತಿನ ಮುಂದೆ ಸ್ಥಾಪಿಸಿದ್ದು ಈ ಕಾನೂನು ಸಮರ.

ಗಾಂಬಿಯಾ ಎದ್ದು ನಿಂತಾಗ

ಈಗ ನಮಗೆ ಹತ್ತಿರದ ಕಾಲಕ್ಕೆ ಬರೋಣ. 2017ರ ಆಗಸ್ಟ್ 25ರ ನಂತರ ಮ್ಯಾನ್ಮಾರ್ ಸೇನೆ ರಖೈನ್ ಪ್ರಾಂತ್ಯದಲ್ಲಿ ನಡೆಸಿದ ಕಾರ್ಯಾಚರಣೆಯಿಂದ ಏಳು ಲಕ್ಷಕ್ಕೂ ಹೆಚ್ಚು ರೊಹಿಂಗ್ಯಾ ಮುಸ್ಲಿಮರು ಬಾಂಗ್ಲಾದೇಶಕ್ಕೆ ಓಡಿಬಂದರು. ಕೊಲೆ, ಅತ್ಯಾಚಾರ, ಹಳ್ಳಿಗಳಿಗೆ ಬೆಂಕಿ – ವಿಶ್ವಸಂಸ್ಥೆಯ ಸತ್ಯಶೋಧನಾ ತಂಡ ಎಲ್ಲವನ್ನೂ ದಾಖಲಿಸಿತು. ಖಂಡನೆಗಳೂ ಬಂದವು. ಇಸ್ಲಾಮಿ ಸಹಕಾರ ಸಂಘಟನೆಯಲ್ಲಿ 57 ದೇಶಗಳಿವೆ. ತೈಲದ ಸಂಪತ್ತಿರುವವು, ದೊಡ್ಡ ಸೈನ್ಯವಿರುವವು, ವಿಶ್ವದ ರಾಜಧಾನಿಗಳಲ್ಲಿ ಪ್ರಭಾವವಿರುವವು ಅವುಗಳಲ್ಲಿ ಇವೆ. ಆದರೆ ನ್ಯಾಯಾಲಯಕ್ಕೆ ಹೋಗುವ ಹೊಣೆಗೆ ಹೆಗಲು ಕೊಟ್ಟದ್ದು ಗಾಂಬಿಯಾ.

ಗಾಂಬಿಯಾ ಎಂದರೆ ಪಶ್ಚಿಮ ಆಫ್ರಿಕಾದಲ್ಲಿ ಒಂದು ನದಿಯ ಎರಡೂ ದಡಗಳಿಗೆ ಅಂಟಿಕೊಂಡಿರುವ ಕಿರಿದಾದ ಪಟ್ಟಿ. ಆಫ್ರಿಕಾದ ಮುಖ್ಯ ಭೂಭಾಗದ ಅತ್ಯಂತ ಸಣ್ಣ ದೇಶ. ಜನಸಂಖ್ಯೆ 25 ಲಕ್ಷದ ಆಸುಪಾಸು, ನಮ್ಮ ಬೆಂಗಳೂರಿನ ಕಾಲು ಭಾಗವೂ ಇಲ್ಲ. ಅದು ಸ್ವತಃ 22 ವರ್ಷ ಯಹ್ಯಾ ಜಮ್ಮೆಯ ಸರ್ವಾಧಿಕಾರದಡಿ ನರಳಿ, 2017ರ ಜನವರಿಯಲ್ಲಷ್ಟೇ ಬಿಡುಗಡೆ ಪಡೆದಿತ್ತು. ಹೊಸ ಸರಕಾರದ ಕಾನೂನು ಸಚಿವರಾದ ಅಬೂಬಕರ್ ತಂಬಾದು ಅದಕ್ಕೆ ಮೊದಲು ರುವಾಂಡಾ ನರಮೇಧದ ವಿಚಾರಣೆಗಾಗಿ ಸ್ಥಾಪಿಸಿದ್ದ ಅಂತಾರಾಷ್ಟ್ರೀಯ ನ್ಯಾಯಮಂಡಳಿಯಲ್ಲಿ ವರ್ಷಗಟ್ಟಲೆ ವಕೀಲರಾಗಿ ದುಡಿದವರು. 1994ರಲ್ಲಿ ರುವಾಂಡಾದಲ್ಲಿ ಸುಮಾರು ನೂರು ದಿನಗಳಲ್ಲಿ ಎಂಟು ಲಕ್ಷದಷ್ಟು ಜನರನ್ನು ಕೊಲ್ಲುವಾಗ ಜಗತ್ತು ನೋಡುತ್ತಾ ಕುಳಿತಿತ್ತು. 2018ರ ಮೇ ತಿಂಗಳಲ್ಲಿ ಢಾಕಾದಲ್ಲಿ ನಡೆದ ಇಸ್ಲಾಮಿ ದೇಶಗಳ ವಿದೇಶಾಂಗ ಸಚಿವರ ಸಮ್ಮೇಳನಕ್ಕೆ ಗಾಂಬಿಯಾದ ಪರವಾಗಿ ತಂಬಾದು ಬಂದರು. ಕಾಕ್ಸ್ ಬಝಾರಿನ ಶಿಬಿರಗಳಿಗೂ ಹೋದರು. ಅಲ್ಲಿ ಮಹಿಳೆಯರು, ವೃದ್ಧರು ಹೇಳಿದ ಸಂಗತಿಗಳಲ್ಲಿ ಅವರಿಗೆ ರುವಾಂಡಾದ ಸಾಕ್ಷಿಗಳ ಮಾತು ಮತ್ತೆ ಕೇಳಿಸಿತು.

2019ರ ನವೆಂಬರ್ 11ರಂದು ಗಾಂಬಿಯಾ ಹೇಗ್‌ನಲ್ಲಿ ಮ್ಯಾನ್ಮಾರ್ ವಿರುದ್ಧ ದಾವೆ ಹೂಡಿತು. ಆಧಾರ 1948ರ ನರಮೇಧ ತಡೆ ಒಪ್ಪಂದ. ಮ್ಯಾನ್ಮಾರ್ 1956ರಲ್ಲೇ ಅದಕ್ಕೆ ಬದ್ಧವಾಗಿತ್ತು, ಗಾಂಬಿಯಾ 1978ರಲ್ಲಿ ಸೇರಿತ್ತು. ಡಿಸೆಂಬರ್‌ನಲ್ಲಿ ವಿಚಾರಣೆ ನಡೆದಾಗ ಮ್ಯಾನ್ಮಾರ್ ಪರವಾಗಿ ನೊಬೆಲ್ ಶಾಂತಿ ಪ್ರಶಸ್ತಿ ಪಡೆದಿದ್ದ ಆಂಗ್ ಸಾನ್ ಸೂ ಕಿ ಅವರೇ ಬಂದು ತಮ್ಮ ದೇಶದ ಸೇನೆಯನ್ನು ಸಮರ್ಥಿಸಿದರು.

ಮ್ಯಾನ್ಮಾರ್ ಎತ್ತಿದ ಮುಖ್ಯ ಆಕ್ಷೇಪಗಳಲ್ಲಿ ಒಂದು ನಮಗೆ ಈಗಾಗಲೇ ಪರಿಚಿತ. ಸಾವಿರಾರು ಮೈಲಿ ದೂರದ ಗಾಂಬಿಯಾಕ್ಕೆ ಇದರಲ್ಲಿ ಏನು ಸಂಬಂಧ? ಅದರ ಪ್ರಜೆಗಳು ಯಾರೂ ಸತ್ತಿಲ್ಲ. ಬಾಧೆಗೊಳಗಾದದ್ದು ಬಾಂಗ್ಲಾದೇಶ, ಅದು ಬೇಕಾದರೆ ಕೇಳಲಿ. 1966ರಲ್ಲಿ ಗೆದ್ದಿದ್ದ ವಾದವೇ ಮತ್ತೆ ಬಂದಿತ್ತು.

2020ರ ಜನವರಿ 23ರಂದು ನ್ಯಾಯಾಲಯ ಸರ್ವಾನುಮತದಿಂದ ತಾತ್ಕಾಲಿಕ ಆದೇಶ ಹೊರಡಿಸಿತು. ಉಳಿದಿರುವ ರೊಹಿಂಗ್ಯಾಗಳನ್ನು ನರಮೇಧದ ಕೃತ್ಯಗಳಿಂದ ರಕ್ಷಿಸಬೇಕು, ಸೇನೆಯನ್ನು ಹದ್ದುಬಸ್ತಿನಲ್ಲಿಡಬೇಕು, ಸಾಕ್ಷ್ಯ ನಾಶ ಮಾಡಬಾರದು, ನಾಲ್ಕು ತಿಂಗಳೊಳಗೆ ಮೊದಲ ವರದಿ ಸಲ್ಲಿಸಿ ನಂತರ ಆರು ತಿಂಗಳಿಗೊಮ್ಮೆ ಲೆಕ್ಕ ಒಪ್ಪಿಸಬೇಕು. ಈ ಆದೇಶವನ್ನು ಓದಿ ಹೇಳಿದ ಅಂದಿನ ಅಧ್ಯಕ್ಷರು ಸೊಮಾಲಿಯಾದ ಅಬ್ದುಲ್‌ಕವಿ ಅಹ್ಮದ್ ಯೂಸುಫ್. 2022ರ ಜುಲೈ 22ರಂದು ‘ಸಂಬಂಧ’ದ ಪ್ರಶ್ನೆಗೂ ಅಂತಿಮ ಉತ್ತರ ಬಂತು. ನರಮೇಧ ತಡೆ ಒಪ್ಪಂದಕ್ಕೆ ಸೇರಿದ ಪ್ರತಿಯೊಂದು ದೇಶಕ್ಕೂ ಅದರ ಉಲ್ಲಂಘನೆಯನ್ನು ಪ್ರಶ್ನಿಸುವ ಹಕ್ಕಿದೆ, ತಾನೇ ಪೆಟ್ಟು ತಿಂದಿರಬೇಕಾಗಿಲ್ಲ ಎಂದು ನ್ಯಾಯಾಲಯ 15–1 ಮತಗಳಿಂದ ಹೇಳಿತು. ಅಡಿಸ್ ಅಬಾಬಾದ ಆ ಸಭೆಗೆ ಆಗ 62 ವರ್ಷ ತುಂಬಿತ್ತು.

ಆರೋಪಿಯ ಜಾಗದಿಂದ ದೂರುದಾರನ ಜಾಗಕ್ಕೆ

2023ರ ಡಿಸೆಂಬರ್ 29ರಂದು ಗಾಝಾದ ವಿಷಯದಲ್ಲಿ ಇಸ್ರೇಲ್ ವಿರುದ್ಧ ಅದೇ ಒಪ್ಪಂದದಡಿ ದಕ್ಷಿಣ ಆಫ್ರಿಕಾ ದಾವೆ ಹೂಡಿದಾಗ ಅದಕ್ಕೆ ದಾವೆ ಹೂಡುವ ಹಕ್ಕಿದೆಯೇ ಎಂಬುದು ಇಸ್ರೇಲ್ ಕೂಡ ಆ ಹಂತದಲ್ಲಿ ಎತ್ತಿದ ಪ್ರಶ್ನೆಯಾಗಿರಲಿಲ್ಲ. ಗಾಂಬಿಯಾ ಆ ದಾರಿಯನ್ನು ತೆರೆದಿಟ್ಟಿತ್ತು.

ಇಲ್ಲಿ ಇತಿಹಾಸದ ಒಂದು ತಿರುವನ್ನು ಗಮನಿಸಬೇಕು. 1960ರಲ್ಲಿ ಅದೇ ನ್ಯಾಯಾಲಯದಲ್ಲಿ ದಕ್ಷಿಣ ಆಫ್ರಿಕಾ ನಿಂತಿದ್ದು ಆರೋಪಿಯಾಗಿ. 1994ರಲ್ಲಿ ವರ್ಣಭೇದ ಕೊನೆಗೊಂಡು ಜನರ ಸರಕಾರ ಬಂದ ಮೇಲೆ ಅದು ದೂರುದಾರನ ಜಾಗಕ್ಕೆ ಬಂತು. ಅದರ ವಕೀಲರ ತಂಡದಲ್ಲಿದ್ದ ಜಾನ್ ಡುಗಾರ್ಡ್, 1970ರ ದಶಕದಲ್ಲೇ ನಮೀಬಿಯಾ ವಿವಾದದ ಬಗ್ಗೆ ಗ್ರಂಥ ಬರೆದಿದ್ದ ಹಿರಿಯ ಕಾನೂನು ಪಂಡಿತರು. ದಕ್ಷಿಣ ಆಫ್ರಿಕಾ ಈ ಮೊಕದ್ದಮೆಗೆ ವಿಶೇಷ ನ್ಯಾಯಾಧೀಶರಾಗಿ ನೇಮಿಸಿದ ಡಿಕ್ಗಾಂಗ್ ಮೊಸೆನೆಕೆ, ಹದಿನೈದನೆಯ ವಯಸ್ಸಿನಲ್ಲಿ ಬಂಧಿತರಾಗಿ ರಾಬೆನ್ ದ್ವೀಪದ ಜೈಲಿನಲ್ಲಿ ಹತ್ತು ವರ್ಷ ಕಳೆದವರು.

2024ರ ಜನವರಿ 26ರ ಆದೇಶ ಏನು ಹೇಳಿತು, ಏನು ಹೇಳಲಿಲ್ಲ ಎಂಬುದನ್ನು ಸರಿಯಾಗಿ ತಿಳಿದುಕೊಳ್ಳುವುದು ಅಗತ್ಯ. ನರಮೇಧ ನಡೆದಿದೆ ಎಂದು ಅದು ತೀರ್ಪು ಕೊಟ್ಟಿಲ್ಲ. ಆ ಪ್ರಶ್ನೆ ಅಂತಿಮ ವಿಚಾರಣೆಗೆ ಬಿಟ್ಟದ್ದು. ಗಾಝಾದ ಪೆಲೆಸ್ತೀನಿಯರಿಗೆ ಒಪ್ಪಂದದ ರಕ್ಷಣೆಯ ಹಕ್ಕಿದೆ ಎಂಬ ವಾದದಲ್ಲಿ ಮೇಲ್ನೋಟಕ್ಕೆ ಹುರುಳಿದೆ, ಆ ಹಕ್ಕಿಗೆ ಸರಿಪಡಿಸಲಾಗದ ಹಾನಿಯಾಗುವ ಅಪಾಯವಿದೆ ಎಂದು ಅದು ಹೇಳಿತು. ನರಮೇಧದ ಕೃತ್ಯಗಳನ್ನು ತಡೆಯಬೇಕು, ಅದಕ್ಕೆ ಪ್ರಚೋದಿಸುವವರನ್ನು ಶಿಕ್ಷಿಸಬೇಕು, ಆಹಾರ–ಔಷಧಿಯ ನೆರವು ಒಳಬಿಡಬೇಕು ಎಂದು ಇಸ್ರೇಲಿಗೆ ಆದೇಶಿಸಿತು. ಹೆಚ್ಚಿನ ಕ್ರಮಗಳಿಗೆ 15–2 ಬಹುಮತವಿತ್ತು. ಮಾರ್ಚ್ ಮತ್ತು ಮೇ ತಿಂಗಳಲ್ಲಿ ಇನ್ನಷ್ಟು ಆದೇಶಗಳು ಬಂದವು.

ಇದಕ್ಕೆ ದಕ್ಷಿಣ ಆಫ್ರಿಕಾ ಬೆಲೆಯನ್ನೂ ತೆತ್ತಿದೆ. 2025ರ ಫೆಬ್ರವರಿಯಲ್ಲಿ ಆ ದೇಶಕ್ಕೆ ಕೊಡುವ ನೆರವನ್ನು ನಿಲ್ಲಿಸಲು ಅಮೆರಿಕದ ಅಧ್ಯಕ್ಷರು ಹೊರಡಿಸಿದ ಆದೇಶದಲ್ಲಿ ಕೊಟ್ಟ ಕಾರಣಗಳಲ್ಲಿ ಈ ಮೊಕದ್ದಮೆಯೂ ಒಂದು.

ತಕ್ಕಡಿಯ ಇನ್ನೊಂದು ತಟ್ಟೆ

ಇಷ್ಟು ಹೇಳಿ ನಿಲ್ಲಿಸಿದರೆ ಅರ್ಧ ಸತ್ಯವಾದೀತು. ಹೇಗ್‌ನಲ್ಲಿ ನಮೀಬಿಯಾದ ಪರ ವಾದಿಸುತ್ತಿದ್ದ ಅದೇ 1962ರಲ್ಲಿ ಇಥಿಯೋಪಿಯಾ ಎರಿಟ್ರಿಯಾದ ಸ್ವಾಯತ್ತತೆಯನ್ನು ಕಸಿದುಕೊಂಡಿತು. ವರ್ಣಭೇದದ ದಕ್ಷಿಣ ಆಫ್ರಿಕಾದೊಂದಿಗೆ ಮಲಾವಿ ರಾಜತಾಂತ್ರಿಕ ಸಂಬಂಧ ಬೆಳೆಸಿತ್ತು. ದಾರ್ಫುರ್‌ನ ಅಪರಾಧಗಳಿಗಾಗಿ ಬಂಧನದ ವಾರಂಟ್ ಇದ್ದ ಸುಡಾನಿನ ಅಧ್ಯಕ್ಷ ಉಮರ್ ಅಲ್ ಬಶೀರ್ 2015ರಲ್ಲಿ ಜೊಹಾನ್ಸ್‌ಬರ್ಗ್‌ಗೆ ಬಂದಾಗ ದಕ್ಷಿಣ ಆಫ್ರಿಕಾದ ಸರಕಾರ ತನ್ನದೇ ಹೈಕೋರ್ಟಿನ ಆದೇಶವನ್ನು ಮೀರಿ ಅವರನ್ನು ಹೋಗಗೊಟ್ಟಿತು. ಗಾಝಾ ಮೊಕದ್ದಮೆಯ ಜನವರಿ ಆದೇಶದ ಎಲ್ಲ ಕ್ರಮಗಳನ್ನೂ ವಿರೋಧಿಸಿದ ಒಬ್ಬರೇ ನ್ಯಾಯಾಧೀಶರು ಉಗಾಂಡಾದ ಜೂಲಿಯಾ ಸೆಬುಟಿಂಡೆ. ಅದು ತನ್ನ ನಿಲುವಲ್ಲವೆಂದು ಉಗಾಂಡಾ ಸ್ಪಷ್ಟಪಡಿಸಬೇಕಾಯಿತು. ಆಫ್ರಿಕಾ ಒಂದು ದನಿಯಲ್ಲ, 54 ದೇಶಗಳು.

ಸುಡಾನಿನ ಗಾಯ ಇನ್ನೂ ಹಸಿಯಾಗಿದೆ. 2023ರ ಏಪ್ರಿಲ್‌ನಲ್ಲಿ ಶುರುವಾದ ಯುದ್ಧದಿಂದ ಅಲ್ಲಿ ಒಂದು ಕೋಟಿಗೂ ಹೆಚ್ಚು ಜನ ಮನೆ ಬಿಟ್ಟಿದ್ದಾರೆ, ಅವರಲ್ಲಿ ಬಹುಪಾಲು ಮುಸ್ಲಿಮರು, ಕೊಲ್ಲುತ್ತಿರುವವರೂ ಮುಸ್ಲಿಮರೇ. ದಾರ್ಫುರ್‌ನ ಮಸಾಲಿತ್ ಜನರ ಹತ್ಯೆಗೆ ನೆರವಾಗಿದೆಯೆಂದು ಆರೋಪಿಸಿ ಸುಡಾನ್ 2025ರ ಮಾರ್ಚ್‌ನಲ್ಲಿ ಯುನೈಟೆಡ್ ಅರಬ್ ಎಮಿರೇಟ್ಸ್ ವಿರುದ್ಧ ಹೇಗ್‌ಗೆ ಹೋಯಿತು. ಎಮಿರೇಟ್ಸ್ ಆರೋಪವನ್ನು ನಿರಾಕರಿಸಿತು. ಒಪ್ಪಂದಕ್ಕೆ ಸೇರುವಾಗಲೇ ಎಮಿರೇಟ್ಸ್ ಈ ನ್ಯಾಯಾಲಯದ ಅಧಿಕಾರವನ್ನು ಒಪ್ಪುವುದಿಲ್ಲವೆಂದು ಷರತ್ತು ಹಾಕಿದ್ದರಿಂದ ಮೇ ತಿಂಗಳಲ್ಲಿ ದಾವೆ ವಜಾ ಆಯಿತು. ಆರೋಪ ನಿಜವೋ ಸುಳ್ಳೋ ಎಂಬ ವಿಚಾರಣೆ ನಡೆಯಲೇ ಇಲ್ಲ. ಗಾಝಾಕ್ಕಾಗಿ ದುಆ ಮಾಡುವ ನಮ್ಮ ಕೈಗಳು ದಾರ್ಫುರ್‌ಗಾಗಿ ಎಷ್ಟು ಬಾರಿ ಎದ್ದಿವೆ? ಅನ್ಯಾಯ ಮಾಡಿದವನ ಹೆಸರು ನೋಡಿ ನಮ್ಮ ಕಳವಳ ಹೆಚ್ಚು ಕಡಿಮೆಯಾಗುವುದಾದರೆ, “ನಿಮಗೇನು ಸಂಬಂಧ?” ಎಂದು ಕೇಳಿದವರ ಸಾಲಿನಲ್ಲೇ ನಾವೂ ನಿಂತಂತಾಗುತ್ತದೆ.

ಆದೇಶಗಳಿಂದ ತಕ್ಷಣ ಏನಾಯಿತು ಎಂದು ಕೇಳುವವರೂ ಇದ್ದಾರೆ. ಸುಮಾರು ಹತ್ತು ಲಕ್ಷ ರೊಹಿಂಗ್ಯಾಗಳು ಇನ್ನೂ ಬಾಂಗ್ಲಾದೇಶದ ಶಿಬಿರಗಳಲ್ಲಿದ್ದಾರೆ. ಗಾಝಾದಲ್ಲಿ ಆದೇಶದ ನಂತರವೂ ಸಾವಿರಾರು ಜನ ಸತ್ತರು. ಹೇಗ್‌ನ ನ್ಯಾಯಾಲಯಕ್ಕೆ ಪೊಲೀಸರಿಲ್ಲ, ಸೈನ್ಯವಿಲ್ಲ. ಇದು ನಿಜ. ಆದರೆ 1966ರ ಜುಲೈ 18ರ ಸಂಜೆ ವಿಂಡ್‌ಹುಕ್‌ನ ಜನರಿಗೂ ಎಲ್ಲವೂ ಮುಗಿಯಿತೆಂದೇ ಅನಿಸಿರಬೇಕು. ಅಲ್ಲಿಂದ ಸ್ವಾತಂತ್ರ್ಯಕ್ಕೆ 24 ವರ್ಷ ಬೇಕಾಯಿತು. ದಾಖಲಾದ ಸಾಕ್ಷ್ಯ ಅಳಿಯುವುದಿಲ್ಲ, ಒಮ್ಮೆ ಒಪ್ಪಿಕೊಂಡ ತತ್ವವನ್ನು ಹಿಂದೆ ತೆಗೆದುಕೊಳ್ಳುವುದು ಸುಲಭವಲ್ಲ. ಸಬ್ರ್ ಎಂದರೆ ಕೈಕಟ್ಟಿ ಕೂರುವುದಲ್ಲ, ಹಿಡಿದ ಕೆಲಸವನ್ನು ಸೋಲಿನಲ್ಲೂ ಬಿಡದಿರುವುದು ಎಂದು ನಮ್ಮ ಉಲಮಾಗಳು ಹೇಳುತ್ತಾರೆ. ಆಫ್ರಿಕಾದ ಈ ಚರಿತ್ರೆಯಲ್ಲಿ ಅದರ ಉದಾಹರಣೆ ಇದೆ.

ಕೊನೆಯದಾಗಿ ನಮೀಬಿಯಾದ ಮಾತು. 2024ರ ಜನವರಿಯಲ್ಲಿ ಗಾಝಾ ಮೊಕದ್ದಮೆಯಲ್ಲಿ ಇಸ್ರೇಲಿನ ಪರವಾಗಿ ಮಧ್ಯಪ್ರವೇಶಿಸುವುದಾಗಿ ಜರ್ಮನಿ ಘೋಷಿಸಿದಾಗ ಅದನ್ನು ಬಹಿರಂಗವಾಗಿ, ಕಟುವಾಗಿ ಖಂಡಿಸಿದವರಲ್ಲಿ ನಮೀಬಿಯಾದ ಅಧ್ಯಕ್ಷ ಗೈಂಗೊಬ್ ಮುಖ್ಯರು. ತನ್ನ ನೆಲದಲ್ಲಿ ಜರ್ಮನಿ ನಡೆಸಿದ ನರಮೇಧವನ್ನು ಅವರು ಆ ದೇಶಕ್ಕೆ ನೆನಪಿಸಿದರು. ಅದಾಗಿ ಮೂರು ವಾರಗಳಲ್ಲಿ ಅವರು ತೀರಿಕೊಂಡರು. ಫೆಬ್ರವರಿಯಲ್ಲಿ, ಪೆಲೆಸ್ತೀನಿನ ಮೇಲಿನ ಇಸ್ರೇಲಿ ಆಕ್ರಮಿತ ಆಡಳಿತದ ಬಗ್ಗೆ ಹೇಗ್‌ನ ನ್ಯಾಯಾಲಯ ಅಭಿಪ್ರಾಯ ಆಲಿಸುತ್ತಿದ್ದಾಗ, ನಮೀಬಿಯಾದ ಕಾನೂನು ಸಚಿವೆ ಇವೊನ್ ಡೌಸಾಬ್ ಪೆಲೆಸ್ತೀನಿಯರ ಪರವಾಗಿ ವಾದ ಮಂಡಿಸಿದರು. 1966ರಲ್ಲಿ ತನ್ನ ಪರವಾಗಿ ಕೇಳಲು ಯಾರಿಗೂ ಹಕ್ಕಿಲ್ಲವೆಂದು ಅದೇ ನ್ಯಾಯಾಲಯ ಹೇಳಿದ್ದ ನಾಡು, ಈಗ ಇನ್ನೊಬ್ಬರ ಪರವಾಗಿ ಅಲ್ಲಿ ನಿಂತು ಮಾತಾಡುತ್ತಿತ್ತು. ಐದು ತಿಂಗಳ ನಂತರ, ಜುಲೈ 19ರಂದು, ಆಕ್ರಮಿತ ಪೆಲೆಸ್ತೀನಿನಲ್ಲಿ ಇಸ್ರೇಲಿನ ಉಪಸ್ಥಿತಿ ಕಾನೂನುಬಾಹಿರ ಎಂದು ನ್ಯಾಯಾಲಯ ಅಭಿಪ್ರಾಯ ನೀಡಿತು. 1971ರಲ್ಲಿ ನಮೀಬಿಯಾದ ಬಗ್ಗೆ ಅದು ಹೇಳಿದ್ದೂ ಇದನ್ನೇ.